ಬೈಗುಳ ಓದಿ ಓದಿ ನಿದ್ದೆ ಕೆಟ್ಟಿದೆ

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್‌ನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ, ಈಗ ಮೂರನೇ ವರ್ಷ. ಯೂಟ್ಯೂಬ್, ಫೇಸ್‌ಬುಕ್‌ನಲ್ಲಿ ಬರುವ ಕನ್ನಡ ಕಾಮೆಂಟುಗಳಲ್ಲಿ ನಿಂದನೆ ಯಾವುದು, ದ್ವೇಷ ಯಾವುದು, ಬೆದರಿಕೆ ಯಾವುದು ಎಂದು ಯಂತ್ರ ತಾನೇ ಗುರುತಿಸುವಂತೆ ಮಾಡುವುದು ನನ್ನ ವಿಷಯ. ಕೇಳಿದವರಿಗೆ ದೊಡ್ಡ ಕೆಲಸ ಅನಿಸುತ್ತದೆ. ಆದರೆ ಯಂತ್ರಕ್ಕೆ ಕಲಿಸುವ ಮೊದಲು ಯಾರಾದರೂ ಒಂದೊಂದು ಕಾಮೆಂಟನ್ನೂ ಓದಿ ಲೇಬಲ್ ಹಾಕಬೇಕಲ್ಲ, ಅದು ನಾನೇ. ಹೆಚ್ಚಿನವು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಬಾಯಿಬಿಟ್ಟು ಓದಿಕೊಳ್ಳದೆ ಏನು ಬರೆದಿದ್ದಾರೆಂದೇ ತಿಳಿಯುವುದಿಲ್ಲ. ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಹಾಗೆ ಓದಿಕೊಳ್ಳುತ್ತಾ ಕೂತಿದ್ದೆ, ಅಮ್ಮ ಬಂದು ಬಾಗಿಲಲ್ಲಿ ನಿಂತಿದ್ದು ಗೊತ್ತಾಗಲಿಲ್ಲ. 'ಇದನ್ನು ಓದೋಕೆ ನಿನ್ನನ್ನ ಯೂನಿವರ್ಸಿಟಿಗೆ ಕಳಿಸಿದ್ವಾ' ಎಂದರು.

ಈಗ ರಾತ್ರಿ ಕಣ್ಣು ಮುಚ್ಚಿದರೆ ಅವೇ ಸಾಲುಗಳು. ಬಸ್ಸಿನಲ್ಲಿ ಪಕ್ಕದಲ್ಲಿ ನಿಂತವರನ್ನು ನೋಡಿದರೆ ಇವನೂ ಬರೆದಿರಬಹುದು ಅನಿಸುತ್ತದೆ. ಕಾಮೆಂಟುಗಳಲ್ಲಿ ನನ್ನ ಜಾತಿಯ ಹೆಸರೂ ಬರುತ್ತದೆ, ಅದಕ್ಕೂ ಒಂದು ಲೇಬಲ್ ಹಾಕಿ ಮುಂದಕ್ಕೆ ಹೋಗುತ್ತೇನೆ. ಗೈಡ್ ಕೆಟ್ಟವರಲ್ಲ, ಆದರೆ 'ಇಮೋಷನಲ್ ಆಗಬೇಡ, ಎಫ್‌-1 ಸ್ಕೋರ್ ಏರಿಸು' ಎನ್ನುತ್ತಾರೆ. ಎಫ್‌-1 ಎಂದರೆ ಯಂತ್ರ ಎಷ್ಟು ಸರಿಯಾಗಿ ಗುರುತಿಸುತ್ತದೆ ಎಂಬುದರ ಅಂಕ. ಜೂನಿಯರ್ ಹುಡುಗನೊಬ್ಬ ಎರಡನೇ ಲೇಬಲ್ ಹಾಕಿಕೊಡುತ್ತಾನೆ. 'ಮೊದಲು ಮನೆಯವರಿಗೆ ಅಡುಗೆ ಮಾಡಿಹಾಕಿ ತಂಗಿ, ಆಮೇಲೆ ರಾಜಕೀಯ ಮಾತಾಡುವಿರಂತೆ' ಎಂಬಂಥ ಕಾಮೆಂಟಿಗೆ ಅವನು 'ನಿಂದನೆ ಇಲ್ಲ' ಎಂದು ಹಾಕುತ್ತಾನೆ, ನಾನು 'ಇದೆ' ಎಂದು ಹಾಕುತ್ತೇನೆ. ಇಬ್ಬರ ಲೇಬಲ್ ಹೊಂದದ್ದನ್ನು ತೆಗೆದುಹಾಕಿ ಎಂದು ಗೈಡ್ ಹೇಳಿದ್ದಾರೆ. ನಮ್ಮ ಮಾವ ವಕೀಲರು. 'ನಾಳೆ ನಿನ್ನ ಸಾಫ್ಟ್‌ವೇರ್ ಇಟ್ಟುಕೊಂಡೇ ಜನರ ಬಾಯಿ ಮುಚ್ಚಿಸುತ್ತಾರೆ ನೋಡು' ಎಂದು ಹೆದರಿಸಿದ್ದಾರೆ. ವರನ ಕಡೆಯವರು ಯಾವುದರ ಮೇಲೆ ರಿಸರ್ಚ್ ಎಂದು ಕೇಳಿದರೆ 'ಡೇಟಾ' ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ವಿಷಯ ಬದಲಾಯಿಸಲೇ? ಬಿಟ್ಟೇಬಿಡಲೇ?
– ಹೆಸರು ಬೇಡ, ದಾವಣಗೆರೆ ಜಿಲ್ಲೆ

ಉತ್ತರ: ಮೊದಲು ನಿದ್ದೆಯ ಮಾತಾಡೋಣ. ಸ್ಕೋರ್ ಆಮೇಲೆ.

ನಿಮಗೆ ಆಗುತ್ತಿರುವುದು ಮನಸ್ಸಿನ ದೌರ್ಬಲ್ಯವಲ್ಲ, ಕೆಲಸದಿಂದ ಆಗುವ ಗಾಯ. ಬೇರೆಯವರ ನೋವನ್ನು ಕೇಳುವುದೇ ವೃತ್ತಿಯಾದವರಿಗೆ ಆ ನೋವು ಅಂಟಿಕೊಳ್ಳುತ್ತದೆ ಎಂದು ಮೆಕ್ಯಾನ್ ಮತ್ತು ಪರ್ಲ್‌ಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1990ರಲ್ಲೇ ಬರೆದರು. ಆಗ ಅವರ ಗಮನ ಇದ್ದದ್ದು ಆಪ್ತಸಲಹೆಗಾರರ ಮೇಲೆ, ಅಂದರೆ ನನ್ನಂಥವರ ಮೇಲೆ. ಪರದೆಯ ಮುಂದೆ ಕೂತವರ ಸರದಿ ತಡವಾಗಿ ಬಂತು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗಲಕ್ಷಣಗಳ ಕೈಪಿಡಿಯಲ್ಲಿ ಆಘಾತದ ಅಧ್ಯಾಯಕ್ಕೆ ಒಂದು ಕುತೂಹಲದ ಷರತ್ತು ಇದೆ. ಟಿ.ವಿ., ಸಿನಿಮಾ, ಫೋನಿನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ, ಆದರೆ ನೋಡುವುದೇ ಕೆಲಸವಾಗಿದ್ದರೆ ಲೆಕ್ಕಕ್ಕಿದೆ ಎನ್ನುತ್ತದೆ ಅದು. ಕೊಲೆ, ಹಿಂಸೆ, ಅತ್ಯಾಚಾರದಂಥ ಸಂಗತಿಗಳ ವಿವರ ಮತ್ತೆ ಮತ್ತೆ ಎದುರಾಗುವ ಸಂದರ್ಭಕ್ಕೆ ಹೇಳಿದ ಮಾತು ಅದು, ಸಾಮಾನ್ಯ ಬೈಗುಳಕ್ಕಲ್ಲ. ಪತ್ರ ಓದಿ ನಿಮಗೆ ಕಾಯಿಲೆಯ ಹೆಸರು ಅಂಟಿಸುವ ಕೆಲಸವನ್ನೂ ನಾನು ಮಾಡುವುದಿಲ್ಲ. ಕೆಲಸಕ್ಕಾಗಿ ನೋಡಿದ್ದೂ ಮನಸ್ಸಿಗೆ ತಾಗುತ್ತದೆ ಎಂಬುದನ್ನು ವೈದ್ಯಶಾಸ್ತ್ರ ಒಪ್ಪಿದೆ, 'ಇಮೋಷನಲ್ ಆಗಬೇಡ' ಎಂಬ ಮಾತಿಗೆ ಅಷ್ಟು ಉತ್ತರ ಸಾಕು.

ಕಂಪನಿಗಳೂ ಒಪ್ಪಬೇಕಾಗಿ ಬಂತು. ಫೇಸ್‌ಬುಕ್‌ಗಾಗಿ ಕೆಟ್ಟ ಪೋಸ್ಟ್‌ಗಳನ್ನು ಸೋಸುತ್ತಿದ್ದ ಸೆಲೀನಾ ಸ್ಕೋಲಾ ಎಂಬಾಕೆ 2018ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆ ಹೂಡಿದರು. 2020ರಲ್ಲಿ ಕಂಪನಿ 5.2 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅವರಿಗಾದರೂ ಹಿಡಿದು ಕೇಳಲು ಒಬ್ಬ ಮಾಲೀಕ ಇದ್ದ. ಪಿಎಚ್‌.ಡಿ. ವಿದ್ಯಾರ್ಥಿನಿ ನೌಕರಳೂ ಅಲ್ಲ, ರೋಗಿಯೂ ಅಲ್ಲ. ಅವಳು ದಿನಕ್ಕೆಷ್ಟು ಕಾಮೆಂಟು ಓದಿದಳು, ಯಾವ ಹೊತ್ತಿನಲ್ಲಿ ಓದಿದಳು ಎಂದು ಕೇಳುವವರು ಯಾರೂ ಇಲ್ಲ. ಎಕ್ಸ್‌ರೇ ಕೋಣೆಯವರಿಗೆ ಸೀಸದ ಏಪ್ರನ್ ಕೊಟ್ಟು, ಮೈಗೆ ಎಷ್ಟು ವಿಕಿರಣ ತಾಗಿತೆಂದು ಲೆಕ್ಕ ಇಡುತ್ತಾರೆ. ನಿಮ್ಮ ಲೆಕ್ಕ ಇಡುವವರು ಸದ್ಯಕ್ಕೆ ನೀವೇ.

ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಬಾಯಿಬಿಟ್ಟು ಓದುವ ವಿಷಯ. ಇನ್ನೊಬ್ಬರು ಬರೆದ ಹೊಲಸನ್ನು ನಿಮ್ಮ ನಾಲಿಗೆ ಉಚ್ಚರಿಸುತ್ತದೆ, ನಿಮ್ಮ ಕಿವಿ ನಿಮ್ಮ ದನಿಯಲ್ಲೇ ಅದನ್ನು ಕೇಳುತ್ತದೆ. ರಾತ್ರಿ ಬರುವ ಸಾಲುಗಳು ಯಾರ ದನಿಯಲ್ಲಿ ಬರುತ್ತವೆ, ಗಮನಿಸಿ. ನಿಮ್ಮದೇ ದನಿಯಾಗಿದ್ದರೆ ನನಗೆ ಆಶ್ಚರ್ಯವಿಲ್ಲ. ಬಾಯಿಬಿಟ್ಟು ಓದುವುದನ್ನು ಇಂದೇ ನಿಲ್ಲಿಸಿ. ಇಂಗ್ಲಿಷ್ ಅಕ್ಷರದ ಕನ್ನಡವನ್ನು ಕನ್ನಡ ಲಿಪಿಗೆ ತಿರುಗಿಸುವ ಉಪಕರಣಗಳಿವೆ. ಮದ್ರಾಸ್ ಐಐಟಿಯ 'ಎಐ4ಭಾರತ್' ತಂಡದ 'ಇಂಡಿಕ್‌ಎಕ್ಸ್‌ಲಿಟ್' ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿದೆ. ಬೈಗುಳದ ಚಿತ್ರವಿಚಿತ್ರ ಕಾಗುಣಿತದಲ್ಲಿ ಅದು ಎಡವುತ್ತದೆ, ಎಡವಲಿ. ಕನ್ನಡ ಲಿಪಿಯಲ್ಲಿ ಕಂಡದ್ದನ್ನು ಕಣ್ಣಲ್ಲೇ ಓದಬಹುದು, ಬಾಯಿ ಬೇಕಾಗುವುದಿಲ್ಲ.

ಲೇಬಲ್ ಕೆಲಸ ಮನೆಯಲ್ಲಿ ಬೇಡ, ಹಾಸ್ಟೆಲ್ ಮಂಚದ ಮೇಲೂ ಬೇಡ. ಲ್ಯಾಬಿನಲ್ಲಿ, ಹಗಲಲ್ಲಿ, ಪಕ್ಕದಲ್ಲಿ ಇನ್ನೊಬ್ಬರು ಇರುವಾಗ, ಊಟಕ್ಕೆ ಮುಂಚೆ ಮುಗಿಯುವಷ್ಟು ಮಾತ್ರ. ವೀಡಿಯೊ, ಚಿತ್ರಗಳಿದ್ದರೆ ಬಣ್ಣ ತೆಗೆದು, ಸದ್ದು ಅಡಗಿಸಿ ನೋಡಿ. ಗೂಗಲ್‌ನ ಸಂಶೋಧಕರು 2019ರಲ್ಲಿ ತಮ್ಮ ಪರಿಶೀಲಕರಿಗೆ ಚಿತ್ರಗಳನ್ನು ಕಪ್ಪು-ಬಿಳುಪಿನಲ್ಲಿ ತೋರಿಸಿ ನೋಡಿದರು, ಮನಸ್ಸಿಗೆ ಸ್ವಲ್ಪ ಹಗುರವಾಯಿತು. ಆಕ್ಸ್‌ಫರ್ಡ್‌ನ ಎಮಿಲಿ ಹೋಮ್ಸ್ ತಂಡ 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇನ್ನೂ ತಮಾಷೆಯದು. ಭೀಕರ ದೃಶ್ಯ ನೋಡಿದ ಅರ್ಧ ಗಂಟೆಯ ನಂತರ ಹತ್ತು ನಿಮಿಷ 'ಟೆಟ್ರಿಸ್' ಆಟ ಆಡಿದವರಿಗೆ ಮುಂದಿನ ಒಂದು ವಾರ ಆ ದೃಶ್ಯ ಮರುಕಳಿಸಿದ್ದು ಕಡಿಮೆ. (ಚೌಕಾಬಾರ ಆಡಿದರೂ ಹಾಗೇ ಆದೀತೇ ಎಂದು ಯಾರೂ ಪರೀಕ್ಷೆ ಮಾಡಿದಂತಿಲ್ಲ. ಮುಂದಿನ ಪಿಎಚ್‌.ಡಿ. ಯಾರಿಗಾದರೂ ಬೇಕಿದ್ದರೆ ವಿಷಯ ಖಾಲಿ ಇದೆ.) ಟೆಟ್ರಿಸ್ ಪ್ರಯೋಗ ಕಣ್ಣಿಗೆ ಕಟ್ಟುವ ಚಿತ್ರಗಳ ಮಾತು, ಕಿವಿಯಲ್ಲಿ ಉಳಿಯುವ ಮಾತಿಗೆ ಅಷ್ಟೇ ಕೆಲಸ ಮಾಡುತ್ತದೆಂದು ಹೇಳಲಾರೆ. ಆಡಿದರೆ ನಷ್ಟವಂತೂ ಇಲ್ಲ.

ಇನ್ನೊಂದು, ನೀವು ಕಾಮೆಂಟುಗಳನ್ನು ಹೇಗೆ ಆರಿಸಿದಿರಿ? ಬೈಗುಳದ ಪಟ್ಟಿ ಇಟ್ಟುಕೊಂಡು ಹುಡುಕಿದ್ದರೆ ನಿಮ್ಮ ಮುಂದೆ ಬಂದು ಬಿದ್ದಿರುವುದೆಲ್ಲ ಬರೀ ವಿಷ. ಹಾಗೆ ಆರಿಸಿದ ಡೇಟಾದಿಂದ ಯಂತ್ರವೂ ದಾರಿ ತಪ್ಪುತ್ತದೆ, ವಾಕ್ಯ ಬಿಟ್ಟು ಬರೀ ಶಬ್ದ ನೋಡಲು ಕಲಿಯುತ್ತದೆ ಎಂದು ನಿಮ್ಮ ಕ್ಷೇತ್ರದವರೇ 2019ರಿಂದ ಎಚ್ಚರಿಸುತ್ತಿದ್ದಾರೆ. ಕ್ರಿಕೆಟ್, ಅಡುಗೆ, ಸಿನಿಮಾ ಹಾಡು, ರೈತರ ವೀಡಿಯೊ ಕೆಳಗಿನ ಸಾಮಾನ್ಯ ಮಾತುಗಳನ್ನೂ ಕಲಸಿ. ನಿಮ್ಮ ತಲೆಗೂ ಒಳ್ಳೆಯದು, ಥೀಸಿಸ್‌ಗೂ ಒಳ್ಳೆಯದು. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರವೇನಾದರೂ ಎದುರಾದರೆ ಸಂಶೋಧನೆಗೆಂದು ಉಳಿಸಿಕೊಳ್ಳುವ ವಿಚಾರವೇ ಬೇಡ. ಇಟ್ಟುಕೊಳ್ಳುವುದೂ ಅಪರಾಧವಾಗಬಹುದು, 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟಪಡಿಸಿದೆ. ಕೂಡಲೇ ಗೈಡ್‌ಗೆ ತಿಳಿಸಿ, ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ.

ಈಗ ಆ ಜೂನಿಯರ್ ಹುಡುಗನ ವಿಷಯಕ್ಕೆ ಬರೋಣ. ನಿಮ್ಮ ಥೀಸಿಸ್ ಇರುವುದೇ ಅಲ್ಲಿ, ಆದರೆ ಅದನ್ನೇ ಕಸದ ಬುಟ್ಟಿಗೆ ಹಾಕಲು ಹೊರಟಿದ್ದೀರಿ.

ಮಂಡ್ಯದ ಕಡೆ ಗೆಳೆಯ ಗೆಳೆಯನನ್ನು 'ಬಡ್ಡೀಹೈದ' ಎಂದರೆ ಅದು ಅಕ್ಕರೆ. ಧಾರವಾಡದಲ್ಲಿ 'ಲೇ ಮಗನ' ಎನ್ನದೆ ಚಹಾ ಕುಡಿಯಲು ಕರೆಯುವುದುಂಟೇ? ನಿಮ್ಮ ಯಂತ್ರ ಇವೆರಡನ್ನೂ ನಿಂದನೆಯ ಡಬ್ಬಕ್ಕೆ ಹಾಕುತ್ತದೆ, ಅಲ್ಲವೇ? ಅಮೆರಿಕದಲ್ಲೂ ಹೀಗೇ ಆಯಿತು. ಮಾರ್ಟೆನ್ ಸ್ಯಾಪ್ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದರು, ಕಪ್ಪು ಜನರು ತಮ್ಮತಮ್ಮಲ್ಲಿ ಆಡುವ ಇಂಗ್ಲಿಷಿನಲ್ಲಿ ಬರೆದ ಟ್ವೀಟನ್ನು ಯಂತ್ರ ಹೆಚ್ಚಾಗಿ ನಿಂದನೆ ಎಂದು ಗುರುತಿಸುತ್ತಿತ್ತು. ಯಾರನ್ನು ಕಾಪಾಡಲು ಯಂತ್ರ ಮಾಡಿದರೋ ಅವರ ಬಾಯಿಗೇ ಮೊದಲು ಬೀಗ. ಇನ್ನೊಂದು ಕಡೆ, 'ಮೊದಲು ಮನೆಯವರಿಗೆ ಅಡುಗೆ ಮಾಡಿಹಾಕಿ ತಂಗಿ' ಎಂಬ ವಾಕ್ಯ. ಒಂದೂ ಕೆಟ್ಟ ಪದವಿಲ್ಲ. ಬಹುವಚನವಿದೆ, ತಂಗಿ ಎಂಬ ಸಂಬಂಧವಿದೆ, ವ್ಯಾಕರಣ ತಪ್ಪಿಲ್ಲ. ಯಂತ್ರ ಅದನ್ನು ನಮಸ್ಕಾರ ಹೇಳಿ ಒಳಗೆ ಬಿಡುತ್ತದೆ, ನಿಮ್ಮ ಜೂನಿಯರ್ ಕೂಡ. ಅಂಥ ಮಾತು ದಿನಕ್ಕೆ ನೂರು ಸಲ ಬಿದ್ದರೆ ಹೆಣ್ಣುಮಗಳೊಬ್ಬಳು ಬರೆಯುವುದನ್ನೇ ನಿಲ್ಲಿಸುತ್ತಾಳೆ. ಹಾನಿ ಎಂದರೆ ಅದು. ಗಟ್ಟಿಯಾಗಿ ಬೈದವನು ಸಿಕ್ಕಿಬೀಳುತ್ತಾನೆ, ನಯವಾಗಿ ತುಳಿದವನು ಪಾರಾಗುತ್ತಾನೆ.

ಆ ಹುಡುಗನಿಗೆ ಅದು ಕಾಣಲಿಲ್ಲ, ನಿಮಗೆ ಕಂಡಿತು. ಯಾಕೆ? ಆ ಮಾತು ಅವನ ಕಡೆಗೆ ಯಾವತ್ತೂ ಬಂದಿಲ್ಲ. ಹೀಗೆ ಯಾರು ಲೇಬಲ್ ಹಾಕುತ್ತಾರೆ ಎಂಬುದರ ಮೇಲೆ ಲೇಬಲ್ ಬದಲಾಗುವುದನ್ನೇ ಹಿಡಿದು ಕೆಲಸ ಮಾಡುವ ಒಂದು ಪಂಥ ನಿಮ್ಮ ಶಾಸ್ತ್ರದಲ್ಲಿ ಹುಟ್ಟಿದೆ. 2021ರಲ್ಲೂ 2023ರಲ್ಲೂ 'ಸೆಮ್‌ಇವಾಲ್' ಸ್ಪರ್ಧೆಯಲ್ಲಿ, ಲೇಬಲ್ ಹಾಕಿದವರ ಭಿನ್ನಾಭಿಪ್ರಾಯದಿಂದಲೇ ಯಂತ್ರ ಕಲಿಯಬೇಕು ಎಂಬುದೇ ಒಂದು ವಿಭಾಗವಾಗಿತ್ತು. ನಮ್ಮ ದೇಶದ ಗುಂಪುಗಳು ಸೇರಿ ಹೆಣ್ಣುಮಕ್ಕಳ ಮೇಲಿನ ಆನ್‌ಲೈನ್ ದಾಳಿಗಾಗಿ ಕಟ್ಟಿದ 'ಉಳಿ' ಎಂಬ ಉಪಕರಣಕ್ಕೆ, ಅಂಥ ದಾಳಿ ಅನುಭವಿಸಿದ ಕಾರ್ಯಕರ್ತರು ಮತ್ತು ಸಂಶೋಧಕರೇ ಲೇಬಲ್ ಹಾಕಿದ್ದರು. ಹಿಂದಿ, ತಮಿಳು, ಭಾರತೀಯ ಇಂಗ್ಲಿಷಿಗೆ ಅದು ಆಯಿತು. ಕನ್ನಡದ ಕೆಲಸ ಬಾಕಿ ಇದೆ. 2020ರಲ್ಲಿ ಬಂದ ಕನ್ನಡದ ಡೇಟಾಸೆಟ್ಟಿನಲ್ಲಿ 7,671 ಕಾಮೆಂಟುಗಳು, ಆರು ಬಗೆಯ ಲೇಬಲ್ಲುಗಳು. ಅದನ್ನು ಕಟ್ಟಿದವರಿಗೆ ನಾವು ಋಣಿಗಳು, ದಾರಿ ಮಾಡಿಕೊಟ್ಟರು. ಮುಂದಿನ ಹೆಜ್ಜೆ ಇನ್ನೊಂದು ಹತ್ತು ಸಾವಿರ ಕಾಮೆಂಟು ಪೇರಿಸುವುದು ಎಂದು ನನಗನಿಸುವುದಿಲ್ಲ. ಇರುವ ಕೆಲವು ನೂರು ಕಾಮೆಂಟನ್ನು ಬೇರೆಬೇರೆ ಊರಿನ, ಜಾತಿಯ, ವಯಸ್ಸಿನ, ಹೆಣ್ಣು-ಗಂಡು ಹತ್ತಾರು ಮಂದಿಗೆ ತೋರಿಸಿ, ಯಾರಿಗೆ ಎಲ್ಲಿ ಚುಚ್ಚಿತು ಎಂದು ಬರೆದಿಡುವುದು. ಒಪ್ಪಿಗೆ ಪತ್ರ ತೆಗೆದುಕೊಳ್ಳಿ, ಸಂಭಾವನೆ ಕೊಡಿ, ಬೇಡವೆನಿಸಿದಾಗ ಎದ್ದು ಹೋಗುವ ಸ್ವಾತಂತ್ರ್ಯ ಕೊಡಿ. ಓದುವ ಭಾರ ಹಂಚಿಹೋಗುತ್ತದೆ. ನೀವಿಬ್ಬರೂ ಒಪ್ಪದೆ, ಇಬ್ಬರ ಲೇಬಲ್ ಎಷ್ಟು ಹೊಂದುತ್ತದೆಂದು ಅಳೆಯುವ ಕಪ್ಪಾ ಅಂಕಿ ಕುಸಿದಿರಬೇಕಲ್ಲ, ಅದನ್ನು ಸೋಲೆಂದು ಮುಚ್ಚಿಡದೆ ಒಂದು ಅಧ್ಯಾಯ ಮಾಡಿ.

ಮಾವನವರ ಮಾತನ್ನು ಹೆದರಿಕೆ ಎಂದು ತಳ್ಳಿಹಾಕಬೇಡಿ, ವಕೀಲರು ಬಲ್ಲವರು. ಐ.ಟಿ. ಕಾಯ್ದೆಯ 66ಎ ಕಲಮು ನೆನಪಿರಬೇಕು. 'ತೀರಾ ಆಕ್ಷೇಪಾರ್ಹ', 'ಕಿರಿಕಿರಿ' ಎಂಬಂಥ ಅಳತೆಯಿಲ್ಲದ ಪದ ಇಟ್ಟುಕೊಂಡು ಜನರನ್ನು ಬಂಧಿಸುತ್ತಿದ್ದರು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಸತ್ತ ಕಲಮಿನ ಅಡಿಯಲ್ಲಿ ಆಮೇಲೂ ಕೇಸು ಬೀಳುತ್ತಲೇ ಇದ್ದವು, 2022ರ ಅಕ್ಟೋಬರಿನಲ್ಲಿ ಕೋರ್ಟು ಮತ್ತೊಮ್ಮೆ ಗದರಬೇಕಾಯಿತು. ಈಗ ನಿಮ್ಮ ಲೇಬಲ್ ಪಟ್ಟಿ ತೆಗೆದು ನೋಡಿ. 'ಆಕ್ಷೇಪಾರ್ಹ' ಎಂದೂ ಒಂದು ಇದ್ದರೆ, ಕೋರ್ಟು ಯಾವ ಪದವನ್ನು ಅಸ್ಪಷ್ಟ ಎಂದು ಎತ್ತಿ ಹೊರಗೆ ಹಾಕಿತೋ ಅದನ್ನೇ ನೀವು ಯಂತ್ರಕ್ಕೆ ಪಾಠ ಮಾಡುತ್ತಿದ್ದೀರಿ. ಅದೇ ತೀರ್ಪು ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮೂರು ಗೆರೆ ಎಳೆದಿದೆ. ಮೊದಲೆರಡು ಎಷ್ಟೇ ಕಹಿಯಾಗಿದ್ದರೂ ಸರ್ಕಾರ ತಡೆಯುವಂತಿಲ್ಲ, ಮೂರನೆಯದಕ್ಕೆ ಬಂದಾಗ ಮಾತ್ರ ಕಾನೂನಿನ ಕೈ. ಮಾವನವರನ್ನು ಕೂರಿಸಿಕೊಂಡು ಒಂದು ಭಾನುವಾರ ಆ ತೀರ್ಪು ಓದಿ, ಲೇಬಲ್ಲುಗಳನ್ನು ಹೊಸದಾಗಿ ಬರೆಯಿರಿ. ಡೇಟಾ ಹಂಚುವಾಗ ಬರೆದವರ ಹೆಸರು, ಖಾತೆ ಗುರುತು ಅಳಿಸಿ. ಈ ಮಾಡೆಲ್ ಮನುಷ್ಯರ ಗಮನಕ್ಕೆ ತರಲು ಮಾತ್ರ, ಇದರ ಮಾತನ್ನೇ ನಂಬಿ ಯಾರ ಮೇಲೂ ಕ್ರಮ ಬೇಡ ಎಂದು ಷರತ್ತು ಬರೆದಿಡಿ. ಎಲ್ಲರೂ ಪಾಲಿಸುತ್ತಾರೆಂಬ ಖಾತರಿ ನಾನು ಕೊಡಲಾರೆ. ಆದರೆ ಬರೆಯದೆ ಬಿಟ್ಟದ್ದನ್ನು ಯಾರೂ ಪಾಲಿಸುವುದಿಲ್ಲ.

ಕೆಲಸದಿಂದ ಪ್ರಯೋಜನವಿದೆಯೇ ಎಂದು ನೀವು ಬಾಯಿಬಿಟ್ಟು ಕೇಳಿಲ್ಲ, ಸಾಲುಗಳ ನಡುವೆ ಕೇಳಿದ್ದೀರಿ. ಮ್ಯಾನ್ಮಾರ್‌ನಲ್ಲಿ ರೋಹಿಂಗ್ಯಾ ಜನರ ಮೇಲೆ ವಿಷ ಹರಿಯುತ್ತಿದ್ದಾಗ, ಬರ್ಮೀ ಭಾಷೆ ಬಲ್ಲ ಪರಿಶೀಲಕರು ಫೇಸ್‌ಬುಕ್ ಬಳಿ ಬೆರಳೆಣಿಕೆಯಷ್ಟು. 'ಕಲಾರ್' ಎಂಬ ಹೀನಾಯ ಪದವನ್ನು 2017ರಲ್ಲಿ ನಿಷೇಧಿಸಿದರೆ, ಆ ಭಾಷೆಯಲ್ಲಿ ಕಡಲೆಬೇಳೆಯ ಹೆಸರಲ್ಲೂ ಆ ಅಕ್ಷರಗಳಿದ್ದದ್ದರಿಂದ ಬೇಳೆಯ ಮಾತಾಡಿದವರ ಪೋಸ್ಟೂ ಮಾಯ. ದ್ವೇಷ ಉಳಿಯಿತು, ಬೇಳೆ ಹೋಯಿತು. ಭಾಷೆ ಬಲ್ಲವರು ಕೂತು ಮಾಡದಿದ್ದರೆ ಯಾವ ಭಾಷೆಗೂ ಇದೇ ಗತಿ, ಕನ್ನಡಕ್ಕೂ.

ಹಾಗೆಂದು ಎಲ್ಲವನ್ನೂ ಗುರುತಿಸುವುದರಿಂದಲೇ ತಡೆಯಬಹುದು ಎಂದುಕೊಳ್ಳಬೇಡಿ. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯದ ಜನ ಬೆಂಗಳೂರಿನ ರೈಲು ನಿಲ್ದಾಣಕ್ಕೆ ಓಡಿದಾಗ ಸರ್ಕಾರ ಮಾಡಿದ್ದು ಎಸ್‌ಎಂಎಸ್ ಸಂಖ್ಯೆಗೆ ಮಿತಿ. ಮಕ್ಕಳ ಕಳ್ಳರೆಂಬ ವದಂತಿ ನಂಬಿ 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜನ ಒಬ್ಬರನ್ನು ಕೊಂದ ಮೇಲೆ, ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್‌ಗೆ ಐದು ಚಾಟ್‌ಗಳ ಮಿತಿ ಹಾಕಿತು. ಆ ಆ್ಯಪ್‌ನಲ್ಲಿ ಸಂದೇಶ ಏನೆಂದು ಕಂಪನಿಯೂ ಓದಲಾರದು, ಓದದೆಯೇ ವೇಗ ತಗ್ಗಿಸಿತು. ನಿಮ್ಮ ಥೀಸಿಸ್ ತಲೆಬರಹದಲ್ಲಿ 'ತಡೆ' ಎಂಬ ಮಾತಿದ್ದರೆ ಇಂಥ ದಾರಿಗಳಿಗೂ ಹತ್ತು ಪುಟ ಕೊಡಿ.

ಆದ್ದರಿಂದ ವಿಷಯ ಬಿಡುವುದು ಬೇಡ, ಬದಲಾಯಿಸುವುದೂ ಬೇಡ, ಕಿರಿದು ಮಾಡಿ. ಹೊಸ ಕಾಮೆಂಟು ಸಂಗ್ರಹಿಸುವುದು ಇವತ್ತಿಗೆ ಸಾಕು. ಸಮಯ ಹೋಗುತ್ತದೆಂಬ ಭಯವಿದ್ದರೆ, ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌.ಡಿ.ಗೆ ಆರು ವರ್ಷ ಇದೆ, ಮರುನೋಂದಣಿಯಲ್ಲಿ ಎರಡು ವರ್ಷ, ಮಹಿಳೆಯರಿಗೆ ಮತ್ತೆರಡು. ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ನೀವು ಪ್ರಗತಿ ವರದಿ ಕೊಡಲೇಬೇಕು. ಮುಂದಿನ ಸಭೆಯಲ್ಲಿ ಎಫ್‌-1 ಜೊತೆಗೆ ಇದನ್ನೂ ಬರಹದಲ್ಲಿ ಇಡಿ: ದಿನಕ್ಕೆ ಎಷ್ಟು ಓದುತ್ತೇನೆ, ಏನಾಗಿದೆ, ಯಾವ ರಕ್ಷಣೆ ಬೇಕು. ಬಾಯಲ್ಲಿ ಹೇಳಿದ್ದು ಅಳು ಎನಿಸಿಕೊಳ್ಳುತ್ತದೆ, ಬರೆದುಕೊಟ್ಟದ್ದು ವಿಧಾನ ಎನಿಸಿಕೊಳ್ಳುತ್ತದೆ. ಗೈಡ್ ಕೆಟ್ಟವರಲ್ಲ ಎಂದು ನೀವೇ ಬರೆದಿದ್ದೀರಿ, ಅವರಿಗೂ ಇದನ್ನು ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ.

ಅಮ್ಮನಿಗೆ ಹೇಳಿ, ಫೋನಿನಲ್ಲಿ ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವವರನ್ನು ಹಿಡಿಯುವ ಕೆಲಸ ಇದು ಎಂದು. ಅಮ್ಮಂದಿರಿಗೆ ಅರ್ಥವಾಗುತ್ತದೆ, ಅವರು ಕಂಡಿದ್ದಾರೆ. ವರನ ಕಡೆಯವರಿಗೂ 'ಡೇಟಾ' ಎಂದು ನುಂಗಬೇಡಿ, ಪೂರ್ತಿ ಹೇಳಿ. ಕೇಳಿ ಮುಖ ಸಿಂಡರಿಸುವ ಮನೆಯಾದರೆ ಕಾಫಿ ಲೋಟ ಇಳಿಸುವಷ್ಟರಲ್ಲೇ ಗೊತ್ತಾಗಿಬಿಡಲಿ.

ಇಷ್ಟು ಮಾಡಿಯೂ ಎರಡು ವಾರದಲ್ಲಿ ನಿದ್ದೆ ಮರಳದಿದ್ದರೆ, ಬಸ್ಸಿನಲ್ಲಿ ಪಕ್ಕದವರ ಭಯ ಹೆಚ್ಚಾದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಸರಿ, ನನ್ನ ಮುಂದಿನ ಅಂಕಣಕ್ಕೆ ಕಾಯಬೇಡಿ. ಹತ್ತಿರದ ಮನೋವೈದ್ಯರನ್ನು ನೋಡಿ, ಅಲ್ಲಿಯವರೆಗೆ ಟೆಲಿ ಮಾನಸ್‌ಗೆ ಫೋನ್ ಮಾಡಿ. ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.